ಮುಖ ನೋಡಬೇಡಿ, ಎಂಜಿನ್ ಕೋಡ್ ನೋಡಿ: ಪುಣೆಯಲ್ಲಿ ಒಂದು ಸಣ್ಣ ಟರ್ಬೊ ಕಾರಿನ ರೀಮ್ಯಾಪ್

ಟ್ಯೂನಿಂಗಿಗೆಂದು ಕಾರು ತರುವವರು ಮೊದಲು ಹೇಳುವುದು ಹೆಸರು ಮತ್ತು ಇಸವಿ. 2021ರ ಪೋಲೊ, 2019ರ ಸ್ವಿಫ್ಟ್, ಹೀಗೆ. ಮ್ಯಾಪ್, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ (ಇಸಿಯು) ಫೈಲು, ಬರೆಯಲು ಅಷ್ಟು ಸಾಲುವುದಿಲ್ಲ. ಸಣ್ಣ ಕಾರುಗಳಲ್ಲಿ ಮೈ ಬದಲಾಗುವ ಕಾಲವೇ ಬೇರೆ, ಬಾನೆಟ್ಟಿನ ಕೆಳಗಿನದು ಬದಲಾಗುವ ಕಾಲವೇ ಬೇರೆ. ಎರಡೂ ಒಟ್ಟಿಗೆ ಬದಲಾದದ್ದು ಕಡಿಮೆ. ಭೋಸರಿ ಕಡೆಯ ಶೆಡ್ಡೊಂದರಲ್ಲಿ ಆರು ಗೇರಿನ ಮ್ಯಾನುಯಲ್ ಪೋಲೊ 1.0 ಟಿಎಸ್‌ಐ ಒಂದನ್ನು ಸ್ಟೇಜ್ 1ಕ್ಕೆ, ಅಂದರೆ ಯಂತ್ರದ ಭಾಗ ದೊಡ್ಡದು ಮಾಡದೆ ಆ ಫೈಲನ್ನಷ್ಟೇ ತಿದ್ದುವ ಮಟ್ಟಕ್ಕೆ, ರೀಮ್ಯಾಪ್ ಮಾಡಿದ ಕ್ರಮ ಇಲ್ಲಿದೆ. ಪುಣೆಯಲ್ಲಿ ಕೆಎ 22, ಕೆಎ 28, ಕೆಎ 32 ನಂಬರಿನ ಗಾಡಿಗಳಿಗೇನು ಬರವಿಲ್ಲ. ವಾರವೆಲ್ಲ ಹಿಂಜವಡಿ, ಚಾಕಣದ ಟ್ರಾಫಿಕ್ಕಿನಲ್ಲಿ ತೆವಳಿ, ಶನಿವಾರ ಖಂಬಾಟ್ಕಿ ಘಾಟ್ ಹತ್ತಿಳಿದು ಬೆಳಗಾವಿ, ಹುಬ್ಬಳ್ಳಿ ಕಡೆ ಓಡುವ ಗಾಡಿಗೆ ಎಂಥ ಮ್ಯಾಪ್ ಬೇಕು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೆಲಸ ಹಿಡಿದೆವು.

ಮೊದಲು ಮುಖದ ವಿಚಾರ. ಪೋಲೊ 2010ರಿಂದ 2022ರವರೆಗೆ ಚಾಕಣದ ಕಾರ್ಖಾನೆಯಿಂದ ಹೆಚ್ಚುಕಡಿಮೆ ಒಂದೇ ಮೈಯಲ್ಲಿ ಬಂತು. ಹೊರದೇಶಗಳಲ್ಲಿ 2017ರಲ್ಲೇ ಹೊಸ ತಲೆಮಾರು ಬಂದರೂ ಇಲ್ಲಿ ಬದಲಾದದ್ದು ಬಂಪರು, ದೀಪ, ಗ್ರಿಲ್ಲು ಇಂಥವೇ. ಒಳಗಿನ ಕಥೆ ಹಾಗಲ್ಲ. 1.2 ಮತ್ತು 1.6 ಲೀಟರಿನ ಪೆಟ್ರೋಲ್, 1.2 ಡೀಸೆಲ್, ಅದರ ಜಾಗಕ್ಕೆ 1.5 ಡೀಸೆಲ್, 2013ರಲ್ಲಿ 1.2 ಟಿಎಸ್‌ಐ, 2018ರಲ್ಲಿ 1.0 ಎಂಪಿಐ, 2020ರಲ್ಲಿ 1.0 ಟಿಎಸ್‌ಐ. ಕೊನೆಯ ಎರಡೂ 999 ಸಿಸಿ, ಎರಡಕ್ಕೂ ಮೂರೇ ಸಿಲಿಂಡರ್, ಎರಡೂ ಇಎ211 ಮನೆತನದವು, ಒಂದೇ ಕಾಲದಲ್ಲಿ ಒಂದೇ ಶೋರೂಮಿನಲ್ಲಿ ಮಾರಾಟವಾದವು. ಎಂಪಿಐಗೆ ಟರ್ಬೊ ಇಲ್ಲ. 76 ಪಿಎಸ್ (ಅಶ್ವಶಕ್ತಿ), 95 ಎನ್‌ಎಂ ಟಾರ್ಕ್ (ತಿರುಗಿಸುವ ಬಲ). ಅದಕ್ಕೆ ದುಡ್ಡು ಸುರಿದು ರೀಮ್ಯಾಪ್ ಮಾಡಿಸಿದರೂ ನಾಲ್ಕೈದು ಪಿಎಸ್ ಸಿಕ್ಕರೆ ಅದೇ ಹೆಚ್ಚು. ಟಿಎಸ್‌ಐಗೆ ಟರ್ಬೊ ಇದೆ, ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಇಂಜೆಕ್ಟರ್ ಇದೆ, 110 ಪಿಎಸ್, 175 ಎನ್‌ಎಂ ಇದೆ. ಇಸವಿ ಒಂದೇ, ಮುಖ ಒಂದೇ, ಟ್ಯೂನರನ ಕಣ್ಣಿಗೆ ಮಾತ್ರ ಇವು ಎರಡು ಬೇರೆ ಕಾರು.

ಸ್ವಿಫ್ಟಿನದು ಇದರ ತಿರುವುಮುರುವು. 2005, 2011, 2018, 2024 ಎಂದು ನಾಲ್ಕು ಮೈ ಕಂಡಿದೆ. 1.2 ಲೀಟರಿನ ನಾಲ್ಕು ಸಿಲಿಂಡರ್ ಕೆ ಸರಣಿ ಎಂಜಿನ್ ಬಂದದ್ದು 2010ರಲ್ಲಿ, ಅಂದರೆ ಮೊದಲ ಮೈಯ ಕೊನೆಗಾಲದಲ್ಲಿ. ಅದು ಎರಡನೇ ಮೈ ದಾಟಿ, ಮೂರನೆಯದರ ನಡುವೆ 2021ರಲ್ಲಿ ಡ್ಯುಯಲ್‌ಜೆಟ್ ಆಗಿ 90 ಪಿಎಸ್‌ಗೆ ಏರಿತು. 2024ರಲ್ಲಿ ಮೂರು ಸಿಲಿಂಡರಿನ ಝಡ್12ಇ ಬಂದಾಗ 82ಕ್ಕೆ ಇಳಿಯಿತು. ಹೊಸ ಮೈ ಅಂದರೆ ಹೆಚ್ಚು ಪವರ್ ಎಂದು ನಂಬಿದವರು ಇದನ್ನು ನೋಡಬೇಕು. 1248 ಸಿಸಿಯ ಫಿಯಟ್ ಮೂಲದ ಡೀಸೆಲ್ಲಂತೂ ಸ್ವಿಫ್ಟ್, ಪುಂಟೊ, ಇಂಡಿಕಾ ವಿಸ್ಟಾ ಎಲ್ಲದರಲ್ಲೂ ಕೂತು, 2020ರ ಏಪ್ರಿಲ್ 1ಕ್ಕೆ ಬಿಎಸ್6 ಹೊಗೆ ನಿಯಮ ಬಂದಾಗ ಇಲ್ಲಿಂದ ಎದ್ದುಹೋಯಿತು.

ನಮ್ಮಲ್ಲಿ ಎಂಜಿನ್ ಬದಲಾಯಿಸುವುದು ಡಿಸೈನರನಿಗಿಂತ ಹೆಚ್ಚಾಗಿ ಸರಕಾರಿ ತಾರೀಖು. 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿಗಿಂತ ಗಿಡ್ಡವಾದ, 1200 ಸಿಸಿ ಮೀರದ ಪೆಟ್ರೋಲ್ ಮತ್ತು 1500 ಸಿಸಿ ಮೀರದ ಡೀಸೆಲ್ ಕಾರಿಗೆ ಅಬಕಾರಿ ಸುಂಕ ಇಳಿದಾಗಿನಿಂದ 1197, 1199 ಸಿಸಿಯ ಎಂಜಿನ್‌ಗಳು ಸಾಲುಗಟ್ಟಿದವು. ಹಳೆಯ ಸ್ವಿಫ್ಟಿನ 1298 ಸಿಸಿ ಪೆಟ್ರೋಲ್ ಆ ಗೆರೆಯ ಆಚೆ ಉಳಿದಿತ್ತು. ಆಮೇಲೆ ಹೊಗೆಯ ಗಡುವುಗಳು: ಪುಣೆ, ಸೊಲ್ಲಾಪುರ, ಬೆಂಗಳೂರು ಸೇರಿ ಹದಿಮೂರು ನಗರಗಳಿಗೆ 2010ರಲ್ಲಿ ಬಿಎಸ್4, ದೇಶಕ್ಕೆಲ್ಲ 2017ರಲ್ಲಿ, ಬಿಎಸ್6 2020ರಲ್ಲಿ, ಅದರ ಎರಡನೇ ಹಂತ 2023ರಲ್ಲಿ. ಈ ಗಡುವುಗಳ ಆಚೀಚೆ ಇಸಿಯು, ಸೆನ್ಸರು, ಕ್ಯಾಟಲಿಟಿಕ್ ಕನ್ವರ್ಟರ್ ಬದಲಾಗಿರುತ್ತವೆ, ಹೊರಗೆ ಒಂದು ಸ್ಟಿಕ್ಕರೂ ಬದಲಾಗದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಆರ್‌ಸಿಯಲ್ಲಿರುವ ತಯಾರಿಕೆಯ ತಿಂಗಳನ್ನು ನೋಡಿ, ನೋಂದಣಿಯ ತಿಂಗಳನ್ನಲ್ಲ.

ಕಂಪನಿಗಳೇ ಮಾಡುವ ಟ್ಯೂನಿಂಗಿಗೂ ಒಂದು ಉದಾಹರಣೆ ಪುಣೆಯಲ್ಲೇ ಇದೆ. ಆಲ್ಟ್ರೋಜ್ ಐಟರ್ಬೊ 2021ರಲ್ಲಿ ಬಂದಾಗ 110 ಪಿಎಸ್, 140 ಎನ್‌ಎಂ, ಐದು ಗೇರು. 2024ರ ರೇಸರ್‌ಗೆ ಅದೇ 1.2 ಟರ್ಬೊದಿಂದ 120 ಪಿಎಸ್, 170 ಎನ್‌ಎಂ, ಜೊತೆಗೆ ಆರು ಗೇರು. ಟಾರ್ಕ್ 30 ಏರಿದಾಗ ಗೇರ್‌ಬಾಕ್ಸೂ ಬದಲಾಯಿತು ಎಂಬುದನ್ನು ಗುರುತಿಟ್ಟುಕೊಳ್ಳಿ, ಕ್ಲಚ್ಚಿನ ಮಾತು ಬಂದಾಗ ಬೇಕಾಗುತ್ತದೆ.

ಈಗ ಗಾಡಿಗೆ ಬರೋಣ. ಮೊದಲ ಕೆಲಸ ಗುರುತು ಹಿಡಿಯುವುದು. ಎಂಜಿನ್ ಕೋಡ್, ಇಸಿಯು ಪಾರ್ಟ್ ನಂಬರ್, ಅದರೊಳಗಿನ ಸಾಫ್ಟ್‌ವೇರ್ ನಂಬರ್, ಕ್ಯಾಲಿಬ್ರೇಶನ್ ಐಡಿ, ಸಿವಿಎನ್ ಈ ಐದನ್ನೂ ಒಬಿಡಿ ಪೋರ್ಟಿನಿಂದ (ಗಾಡಿಯ ತಪಾಸಣೆಯ ಸಾಕೆಟ್) ಓದಿ ಬರೆದಿಟ್ಟುಕೊಂಡೆವು. ಸಿವಿಎನ್ ಅಂದರೆ ಇಸಿಯುವಿನೊಳಗಿನ ಫೈಲಿನ ಬೆರಳಚ್ಚು. ಫೈಲಿನಲ್ಲಿ ಒಂದು ಅಂಕಿ ಬದಲಾದರೂ ಇದು ಬದಲಾಗುತ್ತದೆ. ನಿಮ್ಮ ಟ್ಯೂನರ್ ಇವನ್ನೇನೂ ಕೇಳದೆ ‘ಪೋಲೊ ಫೈಲ್ ನನ್ನ ಹತ್ರ ಇದೆ’ ಎಂದರೆ, ಚಹಾ ಕುಡಿದು ಎದ್ದು ಬನ್ನಿ.

ಎರಡನೆಯದು ಆರೋಗ್ಯ ತಪಾಸಣೆ. ಶೆಡ್ಡಿನ ಬೆಳಗಾವಿ ಫಿಟ್ಟರ್ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಾನೆ: “ಮೊದಲ ಗಾಡಿ ಬ್ಯಾನಿ ತೆಗೀರಿ ಸರ, ಆಮ್ಯಾಲ ಪವರ್ ಕೇಳ್ರಿ.” ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಗ್ಯಾಪ್ ಅಳೆಯಬೇಕು. ಓಡಿದ ಪ್ಲಗ್ಗುಗಳಲ್ಲಿ ಗ್ಯಾಪ್ 0.8 ಮಿಮೀ ದಾಟಿರುತ್ತದೆ. ಬೂಸ್ಟ್, ಅಂದರೆ ಟರ್ಬೊ ಗಾಳಿ ತುರುಕುವ ಒತ್ತಡ, ಏರಿಸಿದ ಮೇಲೆ ಸಿಲಿಂಡರಿನ ಒತ್ತಡದಲ್ಲಿ ಅಷ್ಟು ಅಂತರ ಹಾರಲು ಕಿಡಿಗೆ ಆಗುವುದಿಲ್ಲ. 4,000 ಆರ್‌ಪಿಎಂ ಸುತ್ತ ಗಾಡಿ ಎಳೆದು ಬಿಟ್ಟ ಹಾಗೆ ಮಾಡುತ್ತದೆ, ಪಿ0301ರಿಂದ ಪಿ0303ರವರೆಗಿನ ಮಿಸ್‌ಫೈರ್ ಕೋಡ್ ಬರುತ್ತದೆ. ಜನ ಮ್ಯಾಪ್ ಕೆಟ್ಟದ್ದೆಂದು ಬೈಯುತ್ತಾರೆ. ಹೊಸ ಪ್ಲಗ್ ಹಾಕಿ 0.6ರಿಂದ 0.65ಕ್ಕೆ ಇಟ್ಟೆವು. ಇರಿಡಿಯಂ ಪ್ಲಗ್ಗಿನ ನಡುವಿನ ತುದಿಯನ್ನು ಗೇಜಿನಿಂದ ಮೀಟಬಾರದು, ಮುರಿಯುತ್ತದೆ. ಹೊರಗಿನ ಕೊಕ್ಕೆಯನ್ನಷ್ಟೇ ಮೆಲ್ಲಗೆ ಒತ್ತಬೇಕು.

ಆಯಿಲ್, ಕಾರು ಕಂಪನಿ ಹೇಳಿದ ದರ್ಜೆಯದೇ ಇರಲಿ, ಜೊತೆಗೆ ಡಬ್ಬಿಯ ಮೇಲೆ ಎಪಿಐ ಎಸ್‌ಪಿ ಎಂದಿರಲಿ. ಸಣ್ಣ ನೇರ ಇಂಜೆಕ್ಷನ್ ಟರ್ಬೊಗಳಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಪೂರ್ತಿ ಪೆಡಲ್ ಒತ್ತಿದಾಗ ಕಿಡಿಗೆ ಮೊದಲೇ ಹೊತ್ತಿಕೊಳ್ಳುವ ಕಾಯಿಲೆ ಇದೆ, ಎಲ್‌ಎಸ್‌ಪಿಐ. ಪಿಸ್ಟನ್ನಿನ ರಿಂಗ್ ನಡುವಿನ ಏಣನ್ನು ಅದು ಒಡೆಯಬಲ್ಲದು. ಆಯಿಲ್‌ನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಹೆಚ್ಚುತ್ತದೆ. ಎಸ್‌ಪಿ ದರ್ಜೆಗೆ ಇದರದೇ ಪರೀಕ್ಷೆ ಇದೆ.

ಇಎ211 ಟಿಎಸ್‌ಐಯ ಇಂಟರ್‌ಕೂಲರ್ ಮುಂದಿನ ಗ್ರಿಲ್ಲಿನ ಹಿಂದೆ ಇಲ್ಲ, ಇನ್‌ಟೇಕ್ ಮ್ಯಾನಿಫೋಲ್ಡಿನ ಒಳಗೇ ಇದೆ. ಅದನ್ನು ತಂಪಾಗಿಸುವುದು ನೀರು. ಆ ನೀರಿಗೆ ಬೇರೆಯೇ ಸಣ್ಣ ಸುತ್ತು, ಬೇರೆಯೇ ವಿದ್ಯುತ್ ಪಂಪು. ಎಲ್ಲಾದರೂ ಕೂಲಂಟ್ ಬದಲಿಸಿ ಗಾಳಿ ಸರಿಯಾಗಿ ತೆಗೆಯದಿದ್ದರೆ ಈ ಸುತ್ತಿನಲ್ಲಿ ಏರ್‌ಲಾಕ್ ಉಳಿಯುತ್ತದೆ. ಟೆಂಪರೇಚರ್ ಮುಳ್ಳು ಏನನ್ನೂ ಹೇಳುವುದಿಲ್ಲ, ಏಕೆಂದರೆ ಅದು ತೋರಿಸುವುದು ದೊಡ್ಡ ಸುತ್ತಿನ ಬಿಸಿ. ಲಾಗ್‌ನಲ್ಲಿ (ಓಡುವಾಗ ಸೆನ್ಸರುಗಳ ಅಂಕಿ ಬರೆದಿಟ್ಟ ದಾಖಲೆ) ಮಾತ್ರ ಗೊತ್ತಾಗುತ್ತದೆ: ಹೊರಗೆ 32 ಡಿಗ್ರಿ ಇದ್ದಾಗ ಹೆದ್ದಾರಿಯಲ್ಲಿ ಇನ್‌ಟೇಕ್ ಗಾಳಿ 45ರ ಆಸುಪಾಸು ಇರಬೇಕಾದದ್ದು 65ಕ್ಕೆ ಹೋಗಿ ಕೂರುತ್ತದೆ. ಆಗ ಇಸಿಯು ತಾನಾಗಿ ಟೈಮಿಂಗ್ (ಕಿಡಿ ಹಾರುವ ಹೊತ್ತು) ಹಿಂದೆಳೆಯುತ್ತದೆ, ಹಾಕಿದ ಮ್ಯಾಪ್ ನೀರುಪಾಲು.

ಮೂರನೆಯದು ರೀಮ್ಯಾಪಿಗೆ ಮೊದಲಿನ ಲಾಗ್. ಇದಿಲ್ಲದೆ ಆಮೇಲಿನ ಯಾವ ಅಂಕಿಗೂ ಬೆಲೆ ಇಲ್ಲ. ಕೆಲವು ನೂರು ರೂಪಾಯಿಯ ಬ್ಲೂಟೂತ್ ಡಾಂಗಲ್ ಇದಕ್ಕೆ ಆಗದು. ಹತ್ತು ವಿಷಯ ಕೇಳಿದರೆ ತೊದಲುತ್ತದೆ. ವಿಸಿಡಿಎಸ್‌ನಂಥ (ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳ ತಪಾಸಣೆಯ ಸಾಧನ) ಕೇಬಲ್ ಬೇಕು. ಲಾಗ್ ಮಾಡಿದ್ದು ಇವು: ಆರ್‌ಪಿಎಂ, ಇಸಿಯು ಕೇಳಿದ ಬೂಸ್ಟ್, ಸಿಕ್ಕ ಬೂಸ್ಟ್, ಟೈಮಿಂಗ್, ಮೂರೂ ಸಿಲಿಂಡರಿನ ನಾಕ್ ರಿಟಾರ್ಡ್ (ಎಂಜಿನ್ ಬಡಿದಾಗ ಟೈಮಿಂಗ್ ಎಷ್ಟು ಹಿಂದೆ ಹೋಯಿತು), ಲ್ಯಾಮ್ಡಾ (ಗಾಳಿ–ಪೆಟ್ರೋಲಿನ ಪ್ರಮಾಣ), ಕೇಳಿದ ಮತ್ತು ಸಿಕ್ಕ ರೈಲ್ ಪ್ರೆಶರ್ (ಇಂಜೆಕ್ಟರಿಗೆ ಹೋಗುವ ಪೆಟ್ರೋಲಿನ ಒತ್ತಡ), ಇನ್‌ಟೇಕ್ ಬಿಸಿ, ವೇಸ್ಟ್‌ಗೇಟಿನ (ಬೂಸ್ಟ್ ಹಿಡಿತದಲ್ಲಿಡುವ ಬಾಗಿಲು) ಸ್ಥಾನ, ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಪೆಟ್ರೋಲಿನ ಪ್ರಮಾಣಕ್ಕೆ ಇಸಿಯು ಮಾಡುವ ತಿದ್ದುಪಡಿ). ಡೈನೊ (ಚಕ್ರದ ಶಕ್ತಿ ಅಳೆಯುವ ಯಂತ್ರ) ಮೇಲೆ ನಾಲ್ಕನೇ ಗೇರಿನಲ್ಲಿ 1,800ರಿಂದ 6,000ದವರೆಗೆ ಪೂರ್ತಿ ಪೆಡಲ್. ರಸ್ತೆಯಲ್ಲಿ ಇದನ್ನು ಮಾಡಬೇಡಿ. ಪುಣೆಯ ಸುತ್ತ ಅಷ್ಟು ಖಾಲಿ ರಸ್ತೆ ಈಗ ಉಳಿದಿಲ್ಲ.

ಡೈನೊ ಹಾಳೆಯ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳಲೇಬೇಕು, ಮೋಸ ಹೆಚ್ಚು ಇರುವುದು ಇಲ್ಲೇ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ, ಇಲ್ಲಿ ಗಾಳಿಯ ಒತ್ತಡ 948 ಮಿಲಿಬಾರ್ ಆಸುಪಾಸು. ಡೈನೊದ ಕಂಪ್ಯೂಟರ್ ಇದನ್ನು ಸಮುದ್ರಮಟ್ಟಕ್ಕೆ ತಂದು ಲೆಕ್ಕ ಹಾಕುತ್ತದೆ, ಇದೇ ಕರೆಕ್ಷನ್. ಹಳೆಯ ಡಿಐಎನ್ (ಜರ್ಮನ್ ಮಾನಕ) ಸೂತ್ರದಲ್ಲಿ 1013ನ್ನು 948ರಿಂದ ಭಾಗಿಸಿ, 32 ಡಿಗ್ರಿಯ ಬಿಸಿಯನ್ನೂ ಸೇರಿಸಿದರೆ ಗುಣಕ 1.09. ಅಮೆರಿಕದ ಎಸ್‌ಎಇ ಸೂತ್ರದಲ್ಲಿ ಸುಮಾರು 1.067. ಟರ್ಬೊ ಇಲ್ಲದ ಎಂಜಿನ್ನಿಗೆ ಇದು ನ್ಯಾಯ, ಗಾಳಿ ತೆಳುವಾದಷ್ಟೂ ಅದರ ಶಕ್ತಿ ಇಳಿಯುತ್ತದೆ. ಟರ್ಬೊ ಎಂಜಿನ್ನಿನಲ್ಲಿ ಇಸಿಯು ವೇಸ್ಟ್‌ಗೇಟನ್ನು ಇನ್ನಷ್ಟು ಮುಚ್ಚಿ ಆ ಕೊರತೆಯನ್ನು ಆಗಲೇ ತುಂಬಿಕೊಂಡಿರುತ್ತದೆ. ಅದರ ಮೇಲೆ ಮತ್ತೆ ಒಂಬತ್ತು ಪರ್ಸೆಂಟ್ ಸೇರಿಸುವುದು ಪುಕ್ಕಟೆ ಕುದುರೆ ಹಂಚಿದಂತೆ. ನಮ್ಮ ಗಾಡಿ ರೀಮ್ಯಾಪಿಗೆ ಮೊದಲು ಚಕ್ರದಲ್ಲಿ ಕೊಟ್ಟದ್ದು 92 ಪಿಎಸ್. ಡಿಐಎನ್ ಹಚ್ಚಿದ ಹಾಳೆಯಲ್ಲಿ 100 ಎಂದು ಬಂತು. ಕರೆಕ್ಷನ್ ತೆಗೆಸಿ, ಮೊದಲಿನದೂ ಆಮೇಲಿನದೂ ಒಂದೇ ಡೈನೊದಲ್ಲಿ, ಒಂದೇ ಟೈರ್ ಪ್ರೆಶರಿನಲ್ಲಿ, ಇನ್‌ಟೇಕ್ ಬಿಸಿ ಸಮಾನ ಇದ್ದಾಗ ಅಳೆಸಿ. ‘ಮೊದಲು’ ಕರೆಕ್ಷನ್ ಇಲ್ಲದ, ‘ಆಮೇಲೆ’ ಕರೆಕ್ಷನ್ ಇರುವ ಹಾಳೆ ಕೊಡುವವರೂ ಇದ್ದಾರೆ. ಹಾಳೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಅದು ಅಚ್ಚಾಗಿರುತ್ತದೆ, ಓದಿ.

ಇದೇ ಎತ್ತರದ ಲೆಕ್ಕ ಟರ್ಬೊದ ಆಯುಷ್ಯಕ್ಕೂ ತಾಗುತ್ತದೆ. ಮ್ಯಾನಿಫೋಲ್ಡಿನಲ್ಲಿ 2,300 ಮಿಲಿಬಾರ್ ಬೇಕೆಂದು ಮ್ಯಾಪ್ ಕೇಳಿದರೆ ಮುಂಬೈಯಲ್ಲಿ ಟರ್ಬೊ ಗಾಳಿಯನ್ನು 2.28 ಪಟ್ಟು ಒತ್ತಬೇಕು, ಪುಣೆಯಲ್ಲಿ 2.43 ಪಟ್ಟು, 750 ಮೀಟರ್ ಎತ್ತರದ ಬೆಳಗಾವಿಯಲ್ಲಿ 2.48 ಪಟ್ಟು. ಸಿಗುವ ಶಕ್ತಿ ಒಂದೇ, ಟರ್ಬೊದ ಶಾಫ್ಟ್ ತಿರುಗುವ ವೇಗ ಹೆಚ್ಚು. ಮುಂಬೈಯಲ್ಲಿ ಕೂತು ಅಲ್ಲಿನ ಗಾಳಿಗೆ ಅಂಚಿನವರೆಗೆ ಬರೆದ ಮ್ಯಾಪ್ ಘಾಟ್ ಮೇಲೆ ಬಂದಾಗ ವೇಸ್ಟ್‌ಗೇಟ್ ಪೂರ್ತಿ ಮುಚ್ಚಿಯೂ ಕೇಳಿದ ಬೂಸ್ಟ್ ಸಿಗದೆ ಪಿ0299 ಕೋಡ್ ಹಾಕಿ ಲಿಂಪ್ ಮೋಡಿಗೆ (ಶಕ್ತಿ ತಗ್ಗಿಸಿ ಕುಂಟುತ್ತ ಓಡುವ ಸ್ಥಿತಿ) ಹೋಗುತ್ತದೆ. ಆದ್ದರಿಂದ 5,000 ಆರ್‌ಪಿಎಂ ಮೇಲೆ ಬೂಸ್ಟನ್ನು ಬೇಕೆಂದೇ ಇಳಿಸುತ್ತ ಬಂದೆವು. ಸಣ್ಣ ಟರ್ಬೊ ಅಲ್ಲಿ ಗಾಳಿಗಿಂತ ಬಿಸಿಯನ್ನೇ ಹೆಚ್ಚು ಕೊಡುತ್ತದೆ.

ಓದುವಾಗ, ಬರೆಯುವಾಗ ಬ್ಯಾಟರಿಗೆ ಸ್ಥಿರವಾಗಿ 13.5 ವೋಲ್ಟ್ ಕೊಡುವ ಸಪ್ಲೈ ಹಚ್ಚಿರಬೇಕು. ಎಸಿ, ದೀಪ, ಫ್ಯಾನ್ ಬಂದ್. ಅರ್ಧದಲ್ಲಿ ವೋಲ್ಟೇಜ್ ಬಿದ್ದರೆ ಇಸಿಯು ಮೂರ್ಛೆ ಹೋಗುತ್ತದೆ. ಆಮೇಲೆ ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟು ಎಬ್ಬಿಸಬೇಕು. ಓದಿದ ಮೂಲ ಫೈಲಿನ ಒಂದು ಪ್ರತಿ ಮಾಲೀಕನ ಕೈಗೆ ಬರಲೇಬೇಕು. ‘ಸ್ಲೇವ್’ ಟೂಲಿನಿಂದ (ಒಬ್ಬ ಮುಖ್ಯ ಟ್ಯೂನರಿಗೆ ಕಟ್ಟಿಹಾಕಿದ ಸಾಧನ) ಓದಿದ ಫೈಲು ಬೀಗ ಹಾಕಿದ ರೂಪದಲ್ಲಿರುತ್ತದೆ, ಬೇರೆ ಯಾರಿಗೂ ತೆರೆಯಲಾಗದು. ಆ ಟ್ಯೂನರ್ ನಾಳೆ ಅಂಗಡಿ ಮುಚ್ಚಿದರೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಫೈಲಿನಲ್ಲಿ ಬದಲಿಸಿದ್ದು ಏನು? ಬೂಸ್ಟಿನ ಒಂದು ಟೇಬಲ್ ಎತ್ತಿದರೆ ಕೆಲಸ ಆಗದು. ಈ ಇಸಿಯುಗಳು ಯೋಚಿಸುವುದು ಟಾರ್ಕಿನ ಲೆಕ್ಕದಲ್ಲಿ: ಪೆಡಲ್ ಒತ್ತಿದರೆ ಇಷ್ಟು ಟಾರ್ಕ್ ಬೇಕು, ಅದಕ್ಕೆ ಇಷ್ಟು ಗಾಳಿ, ಅದಕ್ಕೆ ಇಷ್ಟು ಬೂಸ್ಟ್. ನಡುವೆ ಕಾವಲುಗಾರನ ಹಾಗೆ ಟಾರ್ಕ್ ಮಿತಿಗಳು. ಒಂದು ಮಿತಿ ಹಳೆಯದಾಗಿಯೇ ಉಳಿದರೆ ಥ್ರಾಟಲ್ ತಾನಾಗಿ ಮುಚ್ಚಿಕೊಳ್ಳುತ್ತದೆ, ಗಾಡಿ ಬಿಗಿಹಿಡಿದ ಹಾಗೆ ಓಡುತ್ತದೆ. ಗರಿಷ್ಠ ಟಾರ್ಕನ್ನು 200 ಎನ್‌ಎಂಗೆ ನಿಲ್ಲಿಸಿದೆವು. ಇದೇ ಎಂಜಿನ್ನಿಂದ 220 ತೆಗೆಯುವವರಿದ್ದಾರೆ, ಎಂಜಿನ್ ಕೊಡುತ್ತದೆ ಕೂಡ. ಆದರೆ ಈ ಮ್ಯಾನುಯಲ್ ಗೇರ್‌ಬಾಕ್ಸಿನ ಹೆಸರೇ ಎಂಕ್ಯೂ200. ಅದರಲ್ಲಿರುವ ಸಂಖ್ಯೆ ಟಾರ್ಕಿನ ದರ್ಜೆ. 1,700 ಆರ್‌ಪಿಎಂವರೆಗೆ 160 ಮೀರದಂತೆ ಹಿಡಿದು, 2,200ಕ್ಕೆ ಪೂರ್ತಿ 200 ಬರುವಂತೆ ಇಳಿಜಾರು ಕೊಟ್ಟೆವು. ಕೆಳಗಿನಿಂದಲೇ ಗುದ್ದುವ ಮ್ಯಾಪ್ ಟೆಸ್ಟ್ ಡ್ರೈವಿನಲ್ಲಿ ಮಜಾ ಕೊಡುತ್ತದೆ, ಕನೆಕ್ಟಿಂಗ್ ರಾಡಿಗೂ ಕ್ಲಚ್ಚಿಗೂ ಅದೇ ಶತ್ರು, ಎಲ್‌ಎಸ್‌ಪಿಐಗೂ ಅದೇ ಆಹ್ವಾನ. ಕರೆಕ್ಷನ್ ಇಲ್ಲದೆ ಚಕ್ರದಲ್ಲಿ ಕೊನೆಗೆ ಸಿಕ್ಕದ್ದು 108 ಪಿಎಸ್. 92ಕ್ಕೆ ಹೋಲಿಸಿದರೆ ಹದಿನೇಳು ಪರ್ಸೆಂಟ್, ಅಂದರೆ ಎಂಜಿನ್ನಿನಲ್ಲಿ 128–129 ಎಂದು ಅಂದಾಜು.

ಪೆಟ್ರೋಲಿನ ವಿಷಯದಲ್ಲಿ ನಮ್ಮದು ಗಟ್ಟಿ ಅಭಿಪ್ರಾಯ. 100 ಆಕ್ಟೇನಿನ ಎಕ್ಸ್‌ಪಿ100 ಪುಣೆಗೆ 2020ರ ಡಿಸೆಂಬರಿನಲ್ಲೇ ಬಂದಿದೆ. ಅದಕ್ಕೆಂದು ಬರೆದ ಮ್ಯಾಪ್ ಹಾಳೆಯ ಮೇಲೆ ಚೆಂದ. ಆದರೆ ರಾತ್ರಿ ಹತ್ತಕ್ಕೆ ಕರಾಡ ದಾಟಿದ ಮೇಲೆ ಮುಳ್ಳು ಕೆಂಪಿಗೆ ಬಂದರೆ ಸಿಕ್ಕ ಬಂಕಿನಲ್ಲಿ ಸಿಕ್ಕದ್ದನ್ನೇ ಹಾಕಬೇಕು. ಪುಣೆಯಿಂದ ಹುಬ್ಬಳ್ಳಿಯವರೆಗಿನ ದಾರಿಯಲ್ಲಿ ಸಿಗಬಹುದಾದ ಅತಿ ಸಾಮಾನ್ಯ ಪೆಟ್ರೋಲಿಗೇ ಮ್ಯಾಪ್ ಬರೆಯಬೇಕು. ಈಗ ಅದು ಇ20, ಅಂದರೆ ಇಪ್ಪತ್ತು ಪರ್ಸೆಂಟ್ ಎಥನಾಲ್ ಬೆರೆತದ್ದು. ಶುದ್ಧ ಪೆಟ್ರೋಲಿನ ಒಂದು ಭಾಗ ಉರಿಯಲು 14.7 ಭಾಗ ಗಾಳಿ ಬೇಕು, ಇ10ಕ್ಕೆ 14.1, ಇ20ಗೆ 13.5. ಅದೇ ಗಾಳಿಗೆ ಇ10ಕ್ಕಿಂತ ನಾಲ್ಕು ಪರ್ಸೆಂಟಿನಷ್ಟು ಹೆಚ್ಚು ಪೆಟ್ರೋಲ್ ಹೋಗಬೇಕು. ಲ್ಯಾಮ್ಡಾ ಸೆನ್ಸರ್ ಇದನ್ನು ತಾನೇ ಸರಿಮಾಡಿಕೊಳ್ಳುತ್ತದೆ, ಫ್ಯೂಯಲ್ ಟ್ರಿಮ್ ಪ್ಲಸ್ ನಾಲ್ಕೈದಕ್ಕೆ ಹೋಗಿ ನಿಲ್ಲುತ್ತದೆ. ತೊಡಕು ಅಲ್ಲಿಲ್ಲ, ಹೈ ಪ್ರೆಶರ್ ಪಂಪಿನಲ್ಲಿದೆ. ಟಾರ್ಕ್ ಏರಿದ್ದಕ್ಕೆ ಒಂದಷ್ಟು, ಎಥನಾಲಿಗೆ ಇನ್ನಷ್ಟು ಎಂದು ಎರಡೂ ಹೊರೆ ಅದರ ಮೇಲೆ ಬೀಳುತ್ತದೆ. 5,500ರ ಮೇಲೆ ಕೇಳಿದ ರೈಲ್ ಪ್ರೆಶರಿಗಿಂತ ಸಿಕ್ಕದ್ದು 10–15 ಬಾರ್ ಕೆಳಗೆ ಜಾರುತ್ತಿದ್ದರೆ ಪಂಪ್ ಮುಗಿಯಿತೆಂದೇ ಅರ್ಥ. ಅಲ್ಲಿಗೆ ನಿಲ್ಲಿಸಬೇಕು, ಪಿ0087 ಎರರ್ ಕೋಡ್ ಬರುವವರೆಗೆ ಕಾಯಬಾರದು. ಇ20ಯಲ್ಲಿ ಒಂದು ಲಾಭವೂ ಇದೆ. ಎಥನಾಲ್ ಆವಿಯಾಗುವಾಗ ಸಿಲಿಂಡರನ್ನು ತಂಪುಮಾಡುತ್ತದೆ, ನಾಕಿಂಗ್ ಕಡಿಮೆ. ನಾಕ್ ರಿಟಾರ್ಡ್ ಅಲ್ಲೊಮ್ಮೆ ಇಲ್ಲೊಮ್ಮೆ ಎರಡು ಡಿಗ್ರಿ ಕಂಡರೆ ಚಿಂತೆ ಬೇಡ. ಮೂರೂ ಸಿಲಿಂಡರಿನಲ್ಲಿ ಪ್ರತಿ ಸಲವೂ ನಾಲ್ಕೈದು ಡಿಗ್ರಿ ಬಂದರೆ ಮ್ಯಾಪ್ ಆ ಪೆಟ್ರೋಲಿಗೆ ಹೆಚ್ಚಾಯಿತು.

ಕ್ಲಚ್ ಪರೀಕ್ಷೆ ಸುಲಭ. ಸಣ್ಣ ಏರಿನಲ್ಲಿ ಐದನೇ ಗೇರು, 2,200 ಆರ್‌ಪಿಎಂ, ಪೂರ್ತಿ ಪೆಡಲ್. ಮುಳ್ಳು ಜಿಗಿದು ವೇಗ ಏರದಿದ್ದರೆ ಪ್ಲೇಟ್ ಜಾರುತ್ತಿದೆ. ಪುಣೆಯ ಟ್ರಾಫಿಕ್ಕಿನಲ್ಲಿ ಅರ್ಧ ಕ್ಲಚ್ಚಿನಲ್ಲೇ ದಿನ ತಳ್ಳಿದ ಗಾಡಿಯಲ್ಲಿ ಇದು ರೀಮ್ಯಾಪ್ ಆದ ಕೆಲವೇ ದಿನದಲ್ಲಿ ಕಾಣಿಸಿಕೊಳ್ಳುತ್ತದೆ. ಬದಲಿಸುವುದಾದರೆ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಒಟ್ಟಿಗೆ, ಕೂಲಿ ಒಂದೇ.

ಏರ್ ಫಿಲ್ಟರ್, ದೊಡ್ಡ ಸೈಲೆನ್ಸರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಟೇಜ್ 1ಕ್ಕೆ ಕಂಪನಿಯ ಪೇಪರ್ ಫಿಲ್ಟರ್ ಸಾಕು. ಬಾನೆಟ್ಟಿನೊಳಗೆ ತೆರೆದ ಕೋನ್ ಫಿಲ್ಟರ್ ಹಾಕಿದರೆ ಸದ್ದು ಬರುತ್ತದೆ, ಎಂಜಿನ್ನಿನ ಬಿಸಿಗಾಳಿಯೂ ಬರುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಯುವ ಕೆಲಸ ನಾವು ಮಾಡುವುದಿಲ್ಲ, ಮಾಡಿಸಲೂ ಬೇಡಿ.

ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಗಳಿಗೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ತಿದ್ದುಪಡಿಯ ನಂತರ ಅಂಥ ಪ್ರತಿ ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಹೊರಗೆ ಕಾಣದು ಎಂಬ ಧೈರ್ಯದಲ್ಲಿ ಮಾಡಿಸುವವರೇ ಹೆಚ್ಚು, ಆದರೆ ಅಪಘಾತವಾದಾಗ ವಿಮೆಯವರು ಇಸಿಯು ಓದಿಸಬಹುದು. ವಿಮೆಯವರಿಗೆ ತಿಳಿಸದೆ ಮಾಡಿಸಿದರೆ ಅದರ ಹೊಣೆ ನಿಮ್ಮದೇ. ವಾರಂಟಿ ಇರುವ ಗಾಡಿಗೆ ನಾವು ಕೈ ಹಚ್ಚುವುದಿಲ್ಲ. ಪಿಯುಸಿ ಪಾಸಾಗುವುದು ಕಷ್ಟವಲ್ಲ, ಐಡಲ್‌ನಲ್ಲಿ ಮೂಲ ಮ್ಯಾಪೇ ಇರುತ್ತದೆ. ಆಮೇಲೂ ಐಡಲ್‌ನಲ್ಲಿ ಸಿಒ (ಕಾರ್ಬನ್ ಮೊನಾಕ್ಸೈಡ್) 0.3 ಪರ್ಸೆಂಟ್ ದಾಟುತ್ತಿದ್ದರೆ ಇಂಜೆಕ್ಟರ್ ಸೋರಿಕೆ ಅಥವಾ ಸೋತ ಕ್ಯಾಟಲಿಟಿಕ್ ಕನ್ವರ್ಟರ್ ಹುಡುಕಿ.

ಸರ್ವಿಸಿಗೆ ಬಿಡುವಾಗ ಜಾಬ್ ಕಾರ್ಡಿನಲ್ಲೇ ‘ಸಾಫ್ಟ್‌ವೇರ್ ಅಪ್‌ಡೇಟ್ ಬೇಡ’ ಎಂದು ಬರೆಸಿ. ಅಪ್‌ಡೇಟ್ ಆದರೆ ಮ್ಯಾಪ್ ಅಳಿಸಿಹೋಗುತ್ತದೆ. ಅಷ್ಟೇ ಅಲ್ಲ, ಹೊಸ ಸಾಫ್ಟ್‌ವೇರ್ ನಂಬರಿಗೆ ಹಳೆಯ ಟ್ಯೂನ್ ಫೈಲ್ ಹೊಂದುವುದಿಲ್ಲ, ಮತ್ತೆ ಮೊದಲಿನಿಂದ ಬರೆಯಬೇಕು. ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳಲ್ಲಿ ಬದಲಾದ ಫೈಲ್ ಕಂಡರೆ ಕಂಪನಿಯ ಸರ್ವರಿನಲ್ಲಿ ಟಿಡಿ1 ಎಂಬ, ಫೈಲು ತಿದ್ದಿದ ಗಾಡಿ ಎಂದು ಹೇಳುವ ಗುರುತು ಬೀಳುತ್ತದೆ. ಮಾರುವ ಮುಂಚೆ ಮೂಲ ಫೈಲ್ ವಾಪಸು ಹಾಕಿದರೂ ಇಸಿಯುವಿನೊಳಗಿನ ಫ್ಲ್ಯಾಶ್ ಎಣಿಕೆ (ಎಷ್ಟು ಸಲ ಫೈಲ್ ಬರೆದದ್ದು ಎಂಬ ಲೆಕ್ಕ) ಹಿಂದೆ ಹೋಗುವುದಿಲ್ಲ, ಟಿಡಿ1 ಬಿದ್ದಿದ್ದರೆ ಅದೂ ಅಳಿಯುವುದಿಲ್ಲ. ಕೊಳ್ಳುವವನಿಗೆ ಎರಡೂ ಲಾಗ್, ಎರಡೂ ಡೈನೊ ಹಾಳೆ ಕೊಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿ ಮಾರಿ.